ಊಟದ ಕೋಣೆಯಲ್ಲಿ ಹಾದ ಗಡಿ

ಪಾದ್ರಿ ಆಂಬ್ರೋಸ್ ಥರ್ಕೆಲ್ ಪ್ರಾರ್ಥನೆಗಿಂತ ಹೆಚ್ಚಾಗಿ ಹಳೆಯ ಕಲ್ಲುಗಳನ್ನು ಅಳೆಯುವುದರಲ್ಲೇ ಆಯುಷ್ಯ ಸವೆಸಿದವನು. ಜಮೀನ್ದಾರನ ಬಂಗಲೆಯ ಹಿಂದಿನ ದಿಬ್ಬದಲ್ಲಿ ಬಳೆಯಂತೆ ನಿಂತಿದ್ದ ಕಲ್ಲುಗಳು ಅವನ ಜೀವ. ಅವು ಊರಿನ ಗಡಿಗಲ್ಲುಗಳೂ ಹೌದು. ಅವುಗಳ ಮೇಲಿನ ಗ್ರಂಥ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಜಮೀನ್ದಾರ ಸರ್ ಜೋಸೆಲಿನ್ ಕಲ್ಲುಗಳಿಗೆ ಬೆಂಕಿ ಹಾಕಿಸಿ, ತಣ್ಣೀರು ಸುರಿಸಿ ಸೀಳಿಸಿದ. ಅದೇ ಜಾಗದಲ್ಲಿ, ಅದೇ ಚೂರುಗಳಿಂದ ಹೊಸ ಊಟದ ಕೋಣೆ ಎದ್ದಿತು.

"ಕಲ್ಲಿಗೋಸ್ಕರ ಅಳ್ತಾರಾ ಪಾದ್ರಿಗಳೇ? ನೀವೊಂದು ಮದ್ವೆ ಆಗ್ಬೇಕಿತ್ತು!" ಎಂದು ನಕ್ಕಿದ್ದ.

ಭಾನುವಾರ ಭಾನುವಾರ ಕ್ಷಮೆಯ ಉಪದೇಶ ಮಾಡುವ ಬಾಯಿ ಅದು. ಹೊಟ್ಟೆಯಲ್ಲಿ ಮಾತ್ರ ಕೆಂಡ. ಅಂದಿನಿಂದ ಆಂಬ್ರೋಸ್‌ಗೆ ಅನ್ನ ನೀರು ರುಚಿಸಲಿಲ್ಲ. ಅವನು ಮೇ ತಿಂಗಳಿಗೆ ಕಾದ.

ಮೇ ತಿಂಗಳಲ್ಲಿ ಊರ ಗಡಿ ಸುತ್ತಬೇಕು. ಪಾದ್ರಿ ಮುಂದೆ, ಊರು ಹಿಂದೆ, ಗಡಿಯ ಗುರುತುಗಳಿಗೆ ಬಡಿಯಲು ಕೈಯಲ್ಲಿ ಕೋಲು. ಅಡ್ಡ ಬಂದದ್ದು ಹೊಳೆಯಾಗಲಿ, ಮನೆಯಾಗಲಿ, ಗಡಿ ಬಿಟ್ಟು ಸರಿಯುವಂತಿಲ್ಲ. ಅದು ಅಜ್ಜ ಮುತ್ತಜ್ಜರ ಕಾಲದ ಹಕ್ಕು.

ಗಡಿ ಸುತ್ತುವ ದಿನದ ಮಧ್ಯಾಹ್ನ ಸರ್ ಜೋಸೆಲಿನ್ ಹೊಸ ಊಟದ ಕೋಣೆಯಲ್ಲಿ ಸುತ್ತಲಿನ ದೊಡ್ಡ ಮನುಷ್ಯರಿಗೆ ಹುರಿದ ಕುರಿಮಾಂಸದ ಔತಣ ಇಟ್ಟಿದ್ದ. ಕಿಟಕಿಯೊಳಗಿಂದ ಮೊದಲು ಕೆಸರು ಮೆತ್ತಿದ ಬೂಟು ಬಂತು, ಆಮೇಲೆ ಪಾದ್ರಿ, ಆಮೇಲೆ ಇಡೀ ಊರು.

"ಏನ್ರೀ ಇದು ದಾಂಧಲೆ? ನಡೀರಿ ಆಚೆ!"

"ಎಲ್ಲಿಗೆ ಹೋಗೋಣ ಧಣಿ? ಗಡಿ ಇಲ್ಲೇ ಹೋಗುತ್ತಲ್ಲ," ಎಂದ ಚರ್ಚಿನ ಗುಮಾಸ್ತ ವಿಡಪ್. "ನಿಮ್ಮಪ್ಪಾರು ನಮ್ ಜತೇಲೇ ಸುತ್ತೋರು."

ಗಡಿ ಮೇಜಿನ ನಡುವೆ ಹಾಯುತ್ತಿತ್ತು. ಕಮ್ಮಾರನ ಹೆಂಡತಿ ಲಂಗ ಎತ್ತಿ ಹಿಡಿದು ಮೇಜು ಹತ್ತಿ ಇಳಿದಳು. ಕೋಲುಗಳು ಗೋಡೆಗೆ ಬಡಿದವು. ಗೋಡೆಯಲ್ಲಿದ್ದ ಒಂದೊಂದು ಚೂರನ್ನೂ ಗುರುತು ಹಿಡಿದ ಆಂಬ್ರೋಸ್‌ಗೆ ಅಳು ಒತ್ತರಿಸಿ ಬಂತು. ಅವನು ಅಳಲಿಲ್ಲ. ಗಡಿಯ ದಿನ ಓದುವ ಶಾಪವೊಂದಿದೆ. ಬೇರೆ ವರ್ಷಗಳಲ್ಲಿ ಗೊಣಗಿ ಮುಗಿಸುತ್ತಿದ್ದ. ಈ ಸಲ ಸರ್ ಜೋಸೆಲಿನ್‌ನ ಮುಖವನ್ನೇ ನೋಡುತ್ತ ಗಂಟಲು ಬಿಚ್ಚಿ ಓದಿದ.

"ನೆರೆಯವನ ಗಡಿಗಲ್ಲನ್ನು ಕೀಳುವವನು ಶಾಪಗ್ರಸ್ತನು!"

"ಆಮೆನ್," ಎಂದಿತು ಊರು. ಅತಿಥಿಗಳೂ ಚರ್ಚಿನ ರೂಢಿಬಲದಿಂದ, ಬಾಯಲ್ಲಿ ಮಾಂಸ ಇಟ್ಟುಕೊಂಡೇ, "ಆಮೆನ್" ಎಂದರು. ಧಣಿಯ ಹೆಂಡತಿಯೂ ಅಂದಳು. ಆಮೇಲೆ ಎಲ್ಲರ ಕಣ್ಣೂ ಒಬ್ಬನ ಮೇಲೆ ಬಿತ್ತು. ಅವನು ಆಮೆನ್ ಅನ್ನದಿದ್ದರೆ ಇಷ್ಟು ಜನರೆದುರು ದೇವರ ಮಾತನ್ನು ತಳ್ಳಿಹಾಕಿದಂತೆ.

ಸರ್ ಜೋಸೆಲಿನ್‌ನ ತುಟಿ ಅಲುಗಿತು.

"ಕೇಳಿಸ್ಲಿಲ್ಲ," ಎಂದ ಆಂಬ್ರೋಸ್. "ಸ್ವಲ್ಪ ಜೋರಾಗಿ."

"ಆಮೆನ್!"

ತನ್ನ ಬಾಯಾರೆ ತನ್ನನ್ನೇ ಶಪಿಸಿಕೊಂಡವನ ಮುಖವನ್ನು ಪಾದ್ರಿ ಕಣ್ತುಂಬ ನೋಡಿದ. ಎಷ್ಟೋ ತಿಂಗಳ ಮೇಲೆ ಅವನಿಗೆ ಹಸಿವಾಯಿತು.