ಬದಲಿಯವನು

"ತಲೆ ದಕ್ಷಿಣಕ್ ಮಾಡ್ರೋ, ದಕ್ಷಿಣಕ್ಕೆ!" ಎಂದು ಅತ್ತಿಗೆ ರುದ್ರಮ್ಮ ಕೂಗುವ ಹೊತ್ತಿಗೆ ಗಂಡಸರು ನಟರಾಜನನ್ನು ಎತ್ತಿ ಅಂಗಳದ ಚಾಪೆಗೆ ಇಳಿಸುತ್ತಿದ್ದರು. ಎತ್ತುವಾಗ ಬಿಚ್ಚಿಕೊಂಡ ಅಂಗಿಯ ಗುಂಡಿಯನ್ನು ಲತಾಮಣಿ ಬಗ್ಗಿ ಹಾಕಿದಳು. ನಿನ್ನೆ ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದು ಕುಳಿತ ಗಂಡ ಮತ್ತೆ ಎದ್ದಿರಲಿಲ್ಲ.

ನಟರಾಜ ಬೇಲೂರು ತಾಲ್ಲೂಕಿನಲ್ಲಿ ಆರೋಗ್ಯ ಸಹಾಯಕನಾಗಿದ್ದವನು. ರಜೆ ಹಾಕಿ ಪರಿಹಾರ ತಂಡದ ಜೊತೆ ಮೂರು ಸಲ ಮೊಜಾಂಬಿಕ್ ದೇಶಕ್ಕೆ ಹೋಗಿಬಂದ ಮೇಲೆ ಮಾದಿಹಳ್ಳಿಯವರಿಗೆ ಆಫ್ರಿಕಾ ನಟರಾಜನಾಗಿದ್ದ.

"ಅಷ್ಟ್ ದೂರ ಹೋಗಿ ಜೀವ ಉಳ್ಸಿದ. ಇಲ್ಲಿ ತನ್ನೆದೆನೋವಿಗೆ ಸೋಡಾ ಕುಡ್ದು ಕೂತ್ಕಂಡ ನೋಡಿ," ಎಂದ ಅಂಗಡಿ ಸಣ್ಣಯ್ಯ. "ಪ್ರವಾಹ ಇಳಿದ್ಮೇಲೆ ಅಲ್ಲೊಬ್ಳು ಮುದ್ಕಿ, ಇದ್ದಿದ್ದೊಂದು ಮುಸುಕಿನ ಜೋಳದ ತೆನೆ ಮುರ್ದು ಅರ್ಧ ಇವನ್ ಕೈಗಿಟ್ಟಳಂತೆ. 'ಕೊಡಕ್ ಹೋದೋನು ತಿಂದ್ಕಂಡ್ ಬಂದೆ ಕಣೋ ಸಣ್ಣಯ್ಯ' ಅಂತ ನನ್ನಂಗಡಿ ಮುಂದೆ ಕಣ್ಣೀರ್ ಹಾಕ್ದ."

ಆ ಮಾತನ್ನು ಲತಾಮಣಿಯೂ ಎಷ್ಟೋ ಸಲ ಕೇಳಿದ್ದಳು. ಹೇಳುವಾಗಲೆಲ್ಲ ನಟರಾಜನ ದನಿ ಮೆತ್ತಗಾಗುತ್ತಿತ್ತು. ಅಂಥ ಮನುಷ್ಯನ ಹೆಂಡತಿ ಎಂಬ ಹೆಮ್ಮೆಯೊಂದೇ ಅವಳನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದಿತ್ತು.

*

ಆ ಪ್ರವಾಹದ ವರ್ಷ ಸಣ್ಣಯ್ಯನ ಅಂಗಡಿಯ ಫೋನಿನ ಮುಂದೆ ಲತಾಮಣಿ ಏಳು ತಿಂಗಳ ಹೊಟ್ಟೆ ಹೊತ್ತು ನಿಂತಿದ್ದಳು. ಸಣ್ಣಯ್ಯ ಬೆಲ್ಲದ ಚೀಲ ಸರಿಸಿ ತನ್ನ ಕುರ್ಚಿಯನ್ನೇ ಅವಳ ಕಡೆ ತಳ್ಳಿದ್ದ. ಅಲ್ಲಿಂದ ಒಬ್ಬರು ಬರಬೇಕಾದರೆ ಇಲ್ಲಿಂದ ಇನ್ನೊಬ್ಬರು ಹೋಗಿ ಆ ಜಾಗದಲ್ಲಿ ನಿಲ್ಲಬೇಕು, ಅದು ತಂಡದ ಕಟ್ಟುಪಾಡು.

"ಬದಲಿಯವನು ಬರ್ಲೇ ಇಲ್ಲ ಲತಾ," ಎಂದಿದ್ದ ನಟರಾಜ, ಗೊರಗೊರ ಸದ್ದಿನ ನಡುವೆ. "ಮಾತು ಕೊಟ್ಟು ಕೈ ಎತ್ಬಿಟ್ಟ. ಎಂಥ ಮನುಷ್ಯನೋ! ಕಾಲರಾ ಎದ್ದೈತೆ, ನಾನ್ ಹೆಂಗ್ ಬಿಟ್ ಬರ್ಲಿ?"

"ನಂಗೆ ಕಾಲೆಲ್ಲ ಊದ್ಕಂಡೈತೆ ಕಣ್ರೀ."

"ಅತ್ತಿಗೆ ಅವ್ರಲ್ಲ ಮನೇಲಿ, ನೋಡ್ಕತಾರೆ."

ನೋಡಿಕೊಂಡವಳು ಅತ್ತಿಗೆ ರುದ್ರಮ್ಮನೇ. ದಿನ ತುಂಬದೆ ಹುಟ್ಟಿದ ಗಂಡು ಕೂಸು ಬೇಲೂರಿನ ಆಸ್ಪತ್ರೆಯಲ್ಲಿ ಒಂದು ರಾತ್ರಿ ಉಸಿರಾಡಿತು. ಬೆಳಗ್ಗೆ ಅದನ್ನು ಸೆರಗಿನಲ್ಲಿ ಸುತ್ತಿ, ಬಸ್ಸಿನಲ್ಲಿ ಯಾರಿಗೂ ತಿಳಿಯದ ಹಾಗೆ ಎದೆಗೊತ್ತಿಕೊಂಡು ಊರಿಗೆ ತಂದವಳೂ ಅವಳೇ. ಲತಾಮಣಿ ಗಂಡನನ್ನು ಬೈಯಲಿಲ್ಲ. ಹೆಸರೂ ಗೊತ್ತಿಲ್ಲದ ಆ ಬದಲಿಯವನಿಗೆ, ಅವನ ಮನೆಯಲ್ಲಿ ತೊಟ್ಟಿಲು ತೂಗದಿರಲಿ ಎಂದು ಗಂಡನೆದುರೇ ಎಷ್ಟೋ ಸಲ ಶಾಪ ಹಾಕಿದಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ.

*

ಬಿಸಿಲು ಏರುವ ಹೊತ್ತಿಗೆ ಶಾಲೆಯ ಯೂನಿಫಾರ್ಮಿನ ಹುಡುಗಿಯೊಬ್ಬಳ ಕೈ ಹಿಡಿದು ಒಬ್ಬಾತ ಬಂದ. ಹಾರ ಹಾಕಿ, ಹೆಣದ ಕಾಲಿಗೆ ಹಣೆ ಮುಟ್ಟಿಸಿ, ಹೆಂಗಸರ ಕಡೆ ತಿರುಗಿದ.

"ಗಂಗಾಧರಪ್ಪ ಅಂತ. ಹಾರನಹಳ್ಳಿಯೋನು, ಅರಸೀಕೆರೆ ಆಸ್ಪತ್ರೆಲಿ ಕೆಲ್ಸ. ಇಲ್ಲಿ ನಟರಾಜಣ್ಣನ ಅಕ್ಕ ತಂಗೀರು ಯಾರು?"

"ಹೆಂಡ್ತಿ ಇಲ್ಲೇ ಅವ್ಳಲ್ಲಪ್ಪ," ಎಂದು ರುದ್ರಮ್ಮ ತೋರಿಸಿದಳು. "ಸಾವಿನ ಮನೆಗೆ ಮಗಿನ್ನ ಯಾಕ್ ಕರ್ಕಂಡ್ ಬಂದೆ?"

"ಇವಳೇ ಬರ್ಬೇಕಾದೋಳು ಕಣಮ್ಮ." ಗಂಗಾಧರಪ್ಪ ಲತಾಮಣಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. "ಮೊದಲ್ನೇ ಸಲ, ಆ ಪ್ರವಾಹದ್ ವರ್ಷ, ಆ ದೇಶಕ್ ನಟರಾಜಣ್ಣನ ಬದಲಿಗೆ ಹೋದೋನು ನಾನೇ ಅಕ್ಕಾ."

ರುದ್ರಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಅಲ್ಲಿಗ್ ಹೋಗಿದ್ರಾ ನೀವು?" ಎಂದಳು ಲತಾಮಣಿ.

"ಹೋಗಿ ಗಂಟು ಇಳ್ಸಿದ್ದೆ. ಮನೇಲಿ ಹೆಂಡ್ತಿಗೆ ದಿನ ತುಂಬೈತೆ ಅಂತ ಬಾಯ್ತಪ್ಪಿ ಅಂದೆ. ನಟರಾಜಣ್ಣ ರೇಗ್ಬಿಟ್ರು. 'ಬಸುರಿ ಬಿಟ್ಟು ಬಂದಿದ್ದೀಯೇನ್ಲಾ? ನಡಿ ವಾಪಸ್. ನಾನಿರ್ತೀನಿ, ನಮ್ಮನೇಲಿ ಕಾಯೋರು ಯಾರೂ ಇಲ್ಲ' ಅಂದ್ರು. ಮಾರನೇ ದಿವ್ಸವೇ ಹೊರಡೋರ ಜೊತೆ ಕಳ್ಸಿದ್ರು. ನಾನ್ ಬಂದಿದ್ಕೇ ತಾಯಿ ಮಗು ಇಬ್ರೂ ಉಳುದ್ರು. ಇವಳೇ, ಕೋಮಲ."

"ಕಾಯೋರು ಯಾರೂ ಇಲ್ಲ ಅಂದ್ರಾ?"

"ಹೂಂ ಅಕ್ಕಾ. ಆಮೇಲೆ ಮದ್ವೆ ಆಗಿರ್ಬೇಕು ನೀವು. ಮನೆಗ್ ಬತ್ತೀನಿ ಅಂದ್ರೆ ಬ್ಯಾಡ ದೂರ ಅಂತ ತೇಲ್ಸೋರು. ಹಾಸನದ್ ಮೀಟಿಂಗಲ್ಲಿ ಸಿಕ್ದಾಗೆಲ್ಲ ಇವಳಿಗಂತ ಬಳೆ, ರಿಬ್ಬನ್ನು ಕೊಟ್ಟು ಕಳ್ಸೋರು."

"ಏನಪ್ಪ ನೀನು..." ಎಂದು ರುದ್ರಮ್ಮ ಬಾಯಿ ತೆರೆದಳು. ಲತಾಮಣಿ ಅವಳ ಮಣಿಕಟ್ಟು ಹಿಡಿದು ಒತ್ತಿದಳು. ರುದ್ರಮ್ಮ ಕಣ್ಣು ತುಂಬಿ ಮುಖ ಆಚೆ ತಿರುಗಿಸಿದಳು.

"ನಿಮಗ್ ಮಕ್ಕಳು?" ಎಂದು ಗಂಗಾಧರಪ್ಪ ಕೇಳಿದ.

"ಇಲ್ಲ."

ಲತಾಮಣಿ ಗಂಡನ ಮುಖ ನೋಡಿದಳು. ಅಲ್ಲಿ ಉಳಿಯಲೇಬೇಕು ಅನ್ನಿಸಿತು ಎಂದಿದ್ದರೆ ಅವಳು ಅಳುತ್ತಿದ್ದಳು, ಜಗಳ ಆಡುತ್ತಿದ್ದಳು, ಕೊನೆಗೆ ಒಪ್ಪಿಕೊಳ್ಳುತ್ತಲೂ ಇದ್ದಳೇನೋ. ಬಂದವನನ್ನು ಬರಲಿಲ್ಲ ಎಂದನಲ್ಲ. ಹೊಟ್ಟೆ ಹೊತ್ತು ಕಾಯುತ್ತಿದ್ದವಳನ್ನು ಇಲ್ಲ ಎಂದನಲ್ಲ. ಅವಳ ಶಾಪವನ್ನು ಅಷ್ಟು ಸಲ ಕೇಳಿಯೂ ಒಂದು ದಿನ ತಡೆಯಲಿಲ್ಲವಲ್ಲ.

"ಗುಣಿ ಆಯ್ತಂತೆ, ಬಾಯಿಗಕ್ಕಿ ಹಾಕ್ರವ್ವ," ಎಂದು ಯಾರೋ ಅವಸರ ಮಾಡಿದರು. ಮಣ್ಣಿಗೆ ಒಯ್ಯುವ ಮುಂಚೆ ಮನೆಯವರೆಲ್ಲ ಸತ್ತವರ ಬಾಯಿಗೆ ಅಕ್ಕಿ ಹಾಕಬೇಕು, ಹೆಂಡತಿ ಮೊದಲು. ಸಣ್ಣಯ್ಯ ಮೊರ ತಂದು ಹಿಡಿದ. ಲತಾಮಣಿ ಹಿಡಿ ತುಂಬ ಅಕ್ಕಿ ತೆಗೆದುಕೊಂಡು ಚಾಪೆಯ ತನಕ ಹೋದಳು. ಕೈ ಚಾಚಲಿಲ್ಲ. ತಿರುಗಿ ಹುಡುಗಿಯ ಹತ್ತಿರ ಬಂದಳು.

"ಬಾರವ್ವ ಕೋಮಲ, ಬೊಗಸೆ ಹಿಡಿ. ಹೆದರ್ಕಬೇಡ."

"ಲತಾ, ನೀನ್ ಹಾಕ್ಬೇಕಲ್ಲೇ ಮೊದ್ಲು!" ಎಂದು ಹೆಂಗಸರ ಕಡೆಯಿಂದ ಗುಜುಗುಜು ಎದ್ದಿತು. ರುದ್ರಮ್ಮ ಮಾತ್ರ, "ಸುಮ್ನಿರ್ರೇ," ಎಂದಳು.

ಲತಾಮಣಿ ಮುಷ್ಟಿ ಬಿಚ್ಚಿದಳು. ಹುಡುಗಿಯ ಎಳೆ ಬೊಗಸೆಯ ಬೆರಳ ಸಂದಿಯಿಂದ ಅಕ್ಕಿ ಉದುರುತ್ತಿತ್ತು. ಹುಡುಗಿ ಒಂದು ಕಾಳೂ ಬೀಳಬಾರದೆಂದು ಬಗ್ಗಿ ಬಗ್ಗಿ, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ನಟರಾಜನ ಕಡೆ ನಡೆದಳು. ಲತಾಮಣಿ ಅಂಗೈಗೆ ಅಂಟಿದ್ದ ನುಚ್ಚನ್ನು ಸೆರಗಿನಿಂದ ಒರೆಸಿಕೊಂಡು, ಹೊಸಿಲು ದಾಟಿ ಒಳಗೆ ಹೋದಳು.