ಎಣ್ಣೆಯಲ್ಲಿ ಹಸಿರು ಪುಡಿ

ಕೆಟ್ಟ ಎಣ್ಣೆಯನ್ನು ಬಿಸಿಯಿದ್ದಾಗಲೇ ಇಳಿಸಬೇಕು, ಆರಿದರೆ ಹೊಲಸೆಲ್ಲ ತಳದಲ್ಲೇ ಕೂತುಬಿಡುತ್ತದೆ. ಜುರಾಕಾನ್ ಟ್ರ್ಯಾಕ್ಟರಿನ ಅಡಿಯಲ್ಲಿ ಅಂಗಾತ ಮಲಗಿ ಬೋಲ್ಟು ತಿರುಗಿಸಿದಳು. ಕಪ್ಪು ಎಣ್ಣೆ ಬಕೆಟ್ಟಿಗೆ ಸುರಿಯಿತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮೈದುನ ಮಿರ್ಜಾ ಮೂಗು ಮುಚ್ಚಿಕೊಂಡ.

"ಅತ್ತಿಗೆ, ಇದು ಸೋವಿಯತ್ತಿನ ಜೊತೆಗೇ ಸಾಯಬೇಕಿತ್ತು. ಇನ್ನೂ ಎಷ್ಟು ಸಲ ಇದರ ಹೊಟ್ಟೆ ತೊಳೀತೀರಿ?"

"ನಿನ್ನ ಅಂಡು ತೊಳೆದೋಳು ನಾನು. ಇದೇನು ಮಹಾ?"

ಅವನು ನಕ್ಕ. ಅವಳು ಸೊಸೆಯಾಗಿ ಬಂದಾಗ ಅವನಿನ್ನೂ ತೆವಳುತ್ತಿದ್ದ. ಅತ್ತೆ ಕೂಸನ್ನು ಅವಳ ಮಡಿಲಿಗೆ ಹಾಕಿ ಕುರಿಗಳ ಹಿಂದೆ ಹೋಗಿಬಿಟ್ಟಿದ್ದಳು. ಆಮೇಲೆ ಗಂಡ ತೀರಿಕೊಂಡ. ಅಂದು ಸ್ಟೇರಿಂಗ್ ಹಿಡಿದವಳು ಇನ್ನೂ ಬಿಟ್ಟಿಲ್ಲ.

ಬಾರ್ಲಿಗೆ ನೆಲ ಹದವಾಗಿತ್ತು, ನೇಗಿಲು ಹಿಂದೆ ಕಟ್ಟಿಯಾಗಿತ್ತು. ಆದರೆ ಚಳಿಗಾಲ ಕಳೆದು ನಿನ್ನೆ ಚಾಲೂ ಮಾಡಿದಾಗಿನಿಂದ ಎಣ್ಣೆ ಒತ್ತಡದ ಮುಳ್ಳು ಮೇಲೇಳುತ್ತಿಲ್ಲ. ಈ ಸಲ ಉಳದಿದ್ದರೆ ಹೊಲವನ್ನು ಯಾರಿಗಾದರೂ ಒಪ್ಪಿಸಿ, ಮೈದುನನ ಮನೆಯ ಒಲೆ ಮುಂದೆ ಮುದುಕಿಯಾಗಿ ಕೂರಬೇಕು.

ಒಳಗಿನ ಕೊಳೆ ತೊಳೆಯಲೆಂದು ಡೀಸೆಲ್ಲಿಗೆ ಒಂದಿಷ್ಟು ಎಣ್ಣೆ ಬೆರೆಸಿ, ಎಣ್ಣೆಯ ಜಾಗಕ್ಕೆ ತುಂಬಿದಳು. ಎಂಜಿನ್ನನ್ನು ಮೆಲ್ಲಗೆ ಓಡಿಸಿ, ಆರಿಸಿ, ಕಿವಿಗೊಟ್ಟಳು. ಎಂಜಿನ್ ನಿಂತ ಮೇಲೂ ಗಿರಗಿರ ತಿರುಗುತ್ತ ಎಣ್ಣೆಯ ಕೊಳೆ ಹಿಡಿಯುವ ರೋಟರ್ ಒಳಗೆ ಸ್ವಲ್ಪ ಹೊತ್ತು ಗುಂಯ್‌ಗುಡಬೇಕು. ಸದ್ದಿಲ್ಲ.

"ಬಿಚ್ಚಬೇಕು," ಅಂದಳು.

"ಅದನ್ಯಾಕೆ ಬಿಚ್ತೀರಿ?" ಮಿರ್ಜಾ ಥಟ್ಟನೆ ಎದ್ದ. "ಡೀಸೆಲಲ್ಲಿ ತೊಳೆದದ್ದು ಸಾಲ್ದಾ? ಬನ್ನಿ, ಚಹಾ ಆರಿಹೋಗುತ್ತೆ."

ಚಹಾಕ್ಕೆ ಎಂದೂ ಅವಸರ ಮಾಡಿದವನಲ್ಲ.

ಬಿಚ್ಚಿ ನೋಡಿದರೆ ರೋಟರಿನ ಒಳಗೋಡೆಗೆ ಕೊಳೆ ರಬ್ಬರಿನಂತೆ ಪದರ ಪದರವಾಗಿ ಅಂಟಿತ್ತು. ಹಳೆಯದು ಗೋಡೆಗೆ, ಹೊಸದು ಮೇಲೆ. ಚಾಕುವಿನಿಂದ ಕೆರೆದಳು. ಮೇಲಿನ ಪದರ ಕರಕರ ಅಂದಿತು. ಕೆರೆದದ್ದನ್ನು ಡೀಸೆಲಲ್ಲಿ ತೊಳೆದು ಬೆರಳ ತುದಿಯನ್ನು ಬಿಸಿಲಿಗೆ ಹಿಡಿದಳು. ಮಿನುಗುವ ಹಸಿರು ಪುಡಿ. ಗೋರಿಕಲ್ಲನ್ನು ಉಜ್ಜಿ ಕನ್ನಡಿಯಂತೆ ಹೊಳೆಯಿಸುವ ಪುಡಿ.

ಊರಲ್ಲಿ ಗೋರಿಕಲ್ಲು ಕೆತ್ತುವವನು ಮಿರ್ಜಾ ಒಬ್ಬನೇ. ಹಿಮ ಬೀಳುವ ಮುಂಚೆ, "ನಿಮಗೆ ಸೊಂಟನೋವು, ಎಣ್ಣೆ ನಾನೇ ಬದಲಾಯಿಸ್ತೀನಿ" ಎಂದವನೂ ಅವನೇ. ಅವಳು ಹಿಗ್ಗಿ ಇಡೀ ಊರಿಗೆ ಹೇಳಿಕೊಂಡು ಬಂದಿದ್ದಳು.

"ಎಸೆನ್‌ಕುಲ್," ಎಂದಳು.

ಅವನ ಮುಖ ಬಿಳಿಚಿತು. ಗಂಡನ ಮನೆಯವರ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಮಿರ್ಜಾ ಎಂಬುದು ಅವಳೇ ಆ ಕೂಸಿಗೆ ಇಟ್ಟುಕೊಂಡ ಹೆಸರು. ತೊಟ್ಟಿಲಲ್ಲಿ, ಜ್ವರದಲ್ಲಿ, ಅವನ ಮದುವೆಯಲ್ಲಿ, ಎಲ್ಲೆಲ್ಲೂ ಅದೇ. ಈಗ ಕರೆದದ್ದು ಅವನ ಅಸಲು ಹೆಸರು; ಹಾಗೆ ಹೆಸರು ಹಿಡಿದು ಕರೆಯುವುದು ಬೀದಿಯವರನ್ನು.

"ಹಾಗೆ ಕರೀಬೇಡಿ ಅತ್ತಿಗೆ. ಬೇಕಿದ್ರೆ ಹೊಡೀರಿ."

"ಯಾಕೆ ಹಾಕ್ದೆ?"

"ಊರವರು ನಗ್ತಾರೆ. ಅತ್ತಿಗೇನ ಉಳೋಕೆ ಬಿಟ್ಟು, ಸತ್ತೋರ ಮೂತಿ ಕೆತ್ಕೊಂಡು ನೆರಳಲ್ಲಿ ಕೂತಿದೀಯಲ್ಲೋ ಅಂತಾರೆ. ನಿಲ್ಸಿ ಅಂದ್ರೆ ನೀವು ಕೇಳೋರಲ್ಲ. ಟ್ರ್ಯಾಕ್ಟರು ತಾನಾಗೇ ಸಾಯ್ಲಿ, ನೀವು ನಮ್ಮನೇಲಿ ಇರ್ಲಿ ಅಂತ..."

"ಹೊಲ ನೀನೇ ಉಳಬಹುದಿತ್ತು. ಅದು ಹೊಳೀಲೇ ಇಲ್ವಾ?"

ಅವನು ಬಕೆಟ್ಟನ್ನು ಎತ್ತಿ ಬರಿದುಮಾಡಿ ತಂದಿಟ್ಟ.

ಅವಳು ಮತ್ತೆ ಡೀಸೆಲ್ ತುಂಬಿ ಓಡಿಸಿ ಇಳಿಸಿದಳು. ಅದು ತಿಳಿಯಾಗಿ ಬರುವ ತನಕ ಬಿಡಲಿಲ್ಲ. ರೋಟರ್ ಉಜ್ಜಿ ಜೋಡಿಸಿ ಹೊಸ ಎಣ್ಣೆ ಹಾಕಿದಳು. ಅವನು ಚಾಚಿದ ಬಟ್ಟೆಯನ್ನು ಮುಟ್ಟದೆ ತನ್ನ ಲಂಗಕ್ಕೇ ಕೈ ಒರೆಸಿಕೊಂಡಳು.

ಎಂಜಿನ್ ಹತ್ತಿತು. ಮುಳ್ಳು ಅರ್ಧಕ್ಕೆ ಏರಿ ನಿಂತಿತು. ತಳದಿಂದ ಟಕ್ ಟಕ್ ಎಂಬ ಮಂದ ಸದ್ದು. ಪುಡಿ ಬೇರಿಂಗನ್ನು ಆಗಲೇ ತಿಂದಿತ್ತು. ಈಗ ಆರಿಸಿದರೆ ಮತ್ತೆ ಹತ್ತುವುದು ಅನುಮಾನ.

"ಆರ್ಸಿ ಅತ್ತಿಗೆ, ಚೂರಾಗೋಗುತ್ತೆ!"

ಅವಳು ಹತ್ತಿ ಕೂತು ಗೇರ್ ಹಾಕಿದಳು. ಅವನು ಓಡಿಹೋಗಿ ಗೇಟು ತೆರೆದ, ತೆರೆದವನು ಅಲ್ಲೇ ಅಡ್ಡ ನಿಂತ.

"ಪಕ್ಕಕ್ಕೆ ಸರಿ, ಎಸೆನ್‌ಕುಲ್."

ಸರಿದ.

ಮೊದಲ ಸಾಲು ಮುಗಿಸಿ ಟ್ರ್ಯಾಕ್ಟರ್ ತಿರುಗಿಸುವಾಗ ಅವನು ಹೊಲದಂಚಿಗೆ ಬಂದು ನಿಂತಿದ್ದ. ಏನೋ ಕೂಗುತ್ತಿದ್ದ. ಟಕ್ ಟಕ್ ಜೋರಾಗಿತ್ತು. ಅವಳು ಎರಡನೇ ಸಾಲು ಹಿಡಿದಳು.