ಅಕ್ಷರ ಬರೆದ ಅಕ್ಕಿ

ವಿಜಯದಶಮಿಯ ಬೆಳಿಗ್ಗೆ ಇಂಗ್ಲಿಷರ ನಾಡಿನ ಇಲ್ಫರ್ಡಿನ ಒಂದು ಬಾಡಿಗೆ ಸಭಾಹಾಲಿನಲ್ಲಿ ಚಂದ್ರಿಕಾಳಿಗಿದ್ದದ್ದು ಒಂದೇ ಚಿಂತೆ, ಗಂಜಿಯದು. ತನ್ನ ಮನೆಯ ಗಂಜಿಯಲ್ಲ, ಮಲಾವಿ ದೇಶದ ಯಾವುದೋ ಮೂಲೆಯ ಹಳ್ಳಿಶಾಲೆಯ ಮಕ್ಕಳ ಗಂಜಿ. ಇವತ್ತಿನ ಕಾರ್ಯಕ್ರಮ ಚೆನ್ನಾಗಿ ನಡೆದರೆ ಆ ಮಕ್ಕಳಿಗೆ ದಿನಾ ಬೆಳಿಗ್ಗೆ ಒಂದೊಂದು ಲೋಟ ಮೆಕ್ಕೆಜೋಳದ ಗಂಜಿ ಸಿಗುತ್ತದೆ. ಕೆಟ್ಟರೆ ಇಲ್ಲ.

ಇಲ್ಲಿನ ಕನ್ನಡ ಬಳಗದವರು ಆ ಶಾಲೆಗೆ ಪುಸ್ತಕ, ಬೆಂಚು, ಕರಿಹಲಗೆ ಕೊಡಿಸುತ್ತ ಬಂದವರು. ರಜೆಯ ದಿನಗಳಲ್ಲಿ ದೋಸೆ ಮಾರಿ, ಹಾಡು ಹಾಡಿ, ಸೌತ್‌ಹಾಲ್ ಪೇಟೆಯ ನಮ್ಮ ದೇಶದ ಅಂಗಡಿಯವರನ್ನು ಕಾಡಿ ಬೇಡಿ ನಡೆಸಿದ ಕೆಲಸ. ಶಾಲೆಯ ಹೆಡ್ ಮಿಸ್ ಎಸ್ನಾರ್ಟ್ ಜೊತೆ ಮಾತಾಡುವ ಜವಾಬ್ದಾರಿ ಚಂದ್ರಿಕಾಳದು. ಮೈಸೂರಿನವಳು, ಜಿಪಿ ಸರ್ಜರಿಯ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ, ರಿಸೆಪ್ಷನ್ನಿನಲ್ಲಿ ಕೂತು ದಿನವಿಡೀ ಜನರ ಗೋಳು ಕೇಳಿ ಪಳಗಿದವಳು. ಈ ವರ್ಷ ಅಲ್ಲಿ ಮಳೆ ಕೈಕೊಟ್ಟು ಮನೆಮನೆಯಲ್ಲೂ ಕಾಳು ಮುಗಿದಿತ್ತು. ಮಕ್ಕಳು ತರಗತಿಯಲ್ಲೇ ತಲೆ ಸುತ್ತಿ ಬೀಳುತ್ತಿವೆ, ಪುಸ್ತಕ ಆಮೇಲಾಗಲಿ, ಮೊದಲು ಗಂಜಿಗೆ ದಾರಿ ಮಾಡಿ ಎಂದು ಎಸ್ನಾರ್ಟ್ ಫೋನಿನಲ್ಲಿ ಕೇಳಿಕೊಂಡಿದ್ದಳು.

ಆದರೆ ಬಳಗದ ಅಧ್ಯಕ್ಷರು ಒಪ್ಪಬೇಕಲ್ಲ! ಡಾಕ್ಟರ್ ಉಮಾಶಂಕರ, ಧಾರವಾಡದ ಕಡೆಯವರು, ಇಲ್ಲಿನ ಆಸ್ಪತ್ರೆಯಲ್ಲಿ ದುಡಿದು ರಿಟೈರ್ ಆದವರು. ಕೆಟ್ಟವರೇನಲ್ಲ ಪಾಪ. ತಾವು ಒಮ್ಮೆ ಆಡಿದ ಮಾತಿನ ಮೇಲೆ ಅವರಿಗೆ ವಿಪರೀತ ಪ್ರೀತಿ, ಅಷ್ಟೇ.

"ನಮ್ಮದು ವಿದ್ಯಾದಾನ ರೀ, ಚಂದ್ರಿಕಾ. ಊಟಾ ಹಾಕ್ಲಿಕ್ಕೆ ದೊಡ್ಡ ದೊಡ್ಡ ಸಂಸ್ಥಾ ಅವ. ಅದಕ್ಕ ನಾವು ಕೈ ಹಚ್ಚಿದ್ರ ಮುಗಿಯೂದಿಲ್ಲ," ಎಂದುಬಿಟ್ಟಿದ್ದರು.

ಚಂದ್ರಿಕಾ ಅಷ್ಟಕ್ಕೆ ಬಿಡುವವಳಲ್ಲ. ಪ್ರತಿ ವಿಜಯದಶಮಿಗೆ ಬಳಗದ ಪುಟ್ಟ ಮಕ್ಕಳಿಗೆ ಇಲ್ಲಿ ಅಕ್ಷರಾಭ್ಯಾಸ ಮಾಡಿಸುತ್ತಾರೆ, ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳು ಹಿಡಿದು ಮೊದಲ ಅಕ್ಷರ ತಿದ್ದಿಸುತ್ತಾರೆ. ಈ ಸಲ ಆ ಶಾಲೆಯ ಮಕ್ಕಳೂ ಅದೇ ಹೊತ್ತಿಗೆ ವಿಡಿಯೋದಲ್ಲಿ ತಮ್ಮ ಅಕ್ಷರ ಬರೆಯಲಿ ಎಂದಳು. ಆ ಮುಖಗಳನ್ನು ಕಣ್ಣಾರೆ ಕಂಡರೆ ಯಾರ ಕರುಳು ಚುರುಕ್ ಎನ್ನುವುದಿಲ್ಲ? ಉಮಾಶಂಕರರೂ ಹಿಗ್ಗಿದರು. ಜನಕ್ಕೆ ಹಿಡಿಸಿದರೆ ಊಟಕ್ಕೆ ಮುಂಚೆ ಗಂಜಿಯ ವಿಷಯವನ್ನು ತಾವೇ ಎತ್ತುವುದಾಗಿ ಮಾತು ಕೊಟ್ಟರು.

ಸರಿ, ಬಳಗದ ಖರ್ಚಿನಲ್ಲೇ ಅಲ್ಲಿ ಅಕ್ಕಿ ತರಿಸಿದ್ದಾಯಿತು. ಚಂದ್ರಿಕಾ ಎಸ್ನಾರ್ಟಳಿಗೆ ಕೂತು ಪಾಠ ಹೇಳಿದಳು. ಕೈ ತೊಳೆಸು, ಅಕ್ಕಿ ತೆಳ್ಳಗೆ ಹರಡು. ಅದು ಪವಿತ್ರವಾದದ್ದು, ಒಂದು ಕಾಳೂ ಕಾಲಿಗೆ ಸಿಗಬಾರದು, ಬರೆದಾದ ಮೇಲೆ ಜೋಪಾನವಾಗಿ ಎತ್ತಿಡು. ಕೊನೆಗೆ ಇನ್ನೊಂದು ಮಾತೂ ಸೇರಿಸಿದಳು. ಸ್ಕ್ರೀನಿನ ಮುಂದೆ ಹಸಿವಿನ ಸುದ್ದಿ ಎತ್ತಬೇಡ, ನಮ್ಮವರಿಗೆ ನಗುಮುಖ ಕಾಣಬೇಕು, ಆ ವಿಷಯ ನನಗೆ ಬಿಡು. ಸಭೆಗೆ ಹೇಳಲೆಂದು ಎರಡು ಸಾಲು ಕನ್ನಡವನ್ನೂ ಬಾಯಿಪಾಠ ಮಾಡಿಸಿದಳು. ಎಸ್ನಾರ್ಟ್ ನಗುತ್ತ ನಗುತ್ತ ಕಲಿತಳು.

ಇವತ್ತು ಹಾಲಿನಲ್ಲಿ ನಮ್ಮ ಮಕ್ಕಳ ರಂಪಾಟ ಕೇಳಬೇಡಿ! ಒಂದು ಅಳುತ್ತಿತ್ತು, ಒಂದು ಅಕ್ಕಿಯನ್ನು ಪಕ್ಕದವನ ತಲೆಗೆ ಸುರಿಯುತ್ತಿತ್ತು. ಮಾನ್ಯಾ ಎಂಬ ಪುಟಾಣಿ "ಐ ಡೋಂಟ್ ವಾಂಟ್ ಇಟ್!" ಎಂದು ತಟ್ಟೆಯನ್ನೇ ತಳ್ಳಿದಳು. ಅಪ್ಪ ಅಮ್ಮಂದಿರು ನಗುತ್ತ ಫೋಟೋ ತೆಗೆದರು.

ದೊಡ್ಡ ಸ್ಕ್ರೀನಿನ ಮೇಲೆ ಆ ಮಕ್ಕಳು ಸಾಲಾಗಿ ನೆಲದ ಮೇಲೆ ಕೂತಿದ್ದವು. ಎಲ್ಲರ ಮುಂದೂ ಅಕ್ಕಿಯ ತಟ್ಟೆ. ಕೈ ಮಾತ್ರ ಮಡಿಲಲ್ಲಿ. ಒಂದಾದರೂ ಬೆರಳು ಮುಂದೆ ಚಾಚಲೊಲ್ಲದು.

"ಬರೀರಿ ಪುಟ್ಟಾ, ಬರೀರಿ!" ಎಂದು ಸಭೆ ಹುರಿದುಂಬಿಸಿತು.

ಎಸ್ನಾರ್ಟ್ ಕ್ಯಾಮೆರಾಕ್ಕೆ ಬಾಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: "ತಿನ್ನುವ ಪದಾರ್ಥದಲ್ಲಿ ಆಡಿದರೆ ಮನೆಯಲ್ಲಿ ಏಟು ಬೀಳುತ್ತದೆ. ಅದಕ್ಕೆ ಹೆದರಿದ್ದಾರೆ."

ಈ ಮಾತು ತನಗೇಕೆ ಹೊಳೆಯಲಿಲ್ಲ ಎಂದು ಚಂದ್ರಿಕಾಳಿಗೆ ನಾಚಿಕೆಯಾಯಿತು. ಆದರೂ ಬರೆಸು ಬರೆಸು ಎಂದು ಕೈಸನ್ನೆ ಮಾಡಿದಳು. ಎಸ್ನಾರ್ಟ್ ಮುಂದಿನ ಸಾಲಿನ ಹುಡುಗಿ ಚಿಕೊಂಡಿಯ ಬೆರಳು ಹಿಡಿದು ಒಂದು ಅಕ್ಷರ ತಿದ್ದಿಸಿದಳು. ಹಾಲಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅದನ್ನು ಕಂಡು ಉಳಿದ ಮಕ್ಕಳೂ ಹೆದರಿ ಹೆದರಿ ಬೆರಳಿಟ್ಟವು. ಉಮಾಶಂಕರರ ಮುಖ ಅರಳಿತು. ಗೆದ್ದೆ ಎಂದುಕೊಂಡಳು ಚಂದ್ರಿಕಾ.

ಚಿಕೊಂಡಿ ಬೆರಳಿಗೆ ಅಂಟಿದ ಕಾಳು ನೋಡಿದಳು. ಅದನ್ನು ನೆಕ್ಕಿದಳು. ಆಮೇಲೆ ತಟ್ಟೆಯಿಂದ ಒಂದು ಹಿಡಿ ಬಾಚಿ ಬಾಯಿಗೆ ತುಂಬಿಕೊಂಡಳು. ಹಸಿ ಅಕ್ಕಿಯನ್ನು ಕಟಕಟ ಅಗಿಯುವ ಸದ್ದು ಸ್ಪೀಕರಿನಲ್ಲಿ ಇಡೀ ಹಾಲಿಗೆ ಕೇಳಿಸಿತು. ಹಿಂದೆ ಯಾರೋ ಕಿಸಕ್ಕೆಂದರು. ಉಮಾಶಂಕರರು ಕೈಯಾಡಿಸಿದ್ದೇ ಸ್ಕ್ರೀನ್ ಕಪ್ಪಾಯಿತು.

"ಟೆಕ್ನಿಕಲ್ ಪ್ರಾಬ್ಲಮ್. ಈಗ ನಮ್ಮ ಮಕ್ಕಳ ಹಾಡು," ಎಂದು ಮೈಕಿನಲ್ಲಿ ಹೇಳಿ ಚಂದ್ರಿಕಾಳನ್ನು ಪಕ್ಕಕ್ಕೆ ಕರೆದರು. "ನೋಡಿದ್ರಿಲ್ಲೋ? ಪೂಜಾದ ಅಕ್ಕಿ ತಿಂದುಬಿಟ್ಲು ಆ ಹುಡುಗಿ. ಮಂದಿಗೆ ಹೆಂಗ ಅನಿಸಿರಬೇಕು? ಗಂಜಿ ವಿಷಯ ಇವತ್ತು ಬ್ಯಾಡ. ಮುಂದಿನ ವರ್ಷ ನೋಡೂಣು."

"ಹಸಿದಿತ್ತು ಸರ್ ಮಗು, ತಿಂತು. ಮುಂದಿನ ವರ್ಷದ ತನಕ ಅವು ಏನ್ ಮಾಡ್ಬೇಕು?"

"ಅದಕ್ಕಽ ನಾ ಅಂದದ್ದು, ಇದು ನಮ್ಮ ಕೆಲಸ ಅಲ್ಲ," ಎಂದು ಅವರು ಅತಿಥಿಗಳನ್ನು ಮಾತಾಡಿಸಲು ಹೋದರು.

ಚಂದ್ರಿಕಾಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. ಹಾಡುಗಳೆಲ್ಲ ಮುಗಿದು ಜನ ಊಟಕ್ಕೆ ಏಳುವ ತನಕ ಹೇಗೋ ತಡೆದುಕೊಂಡು, ಹಾಲಿನ ಹಿಂದಿದ್ದ ಅಡುಗೆಮನೆಗೆ ನುಗ್ಗಿದಳು. ಅಲ್ಲಿ ಬಳಗದ ಅಡುಗೆಯ ಉಸ್ತುವಾರಿ ಹೊತ್ತ ಕೃಷ್ಣವೇಣಮ್ಮ ದೊಡ್ಡ ಪಾತ್ರೆಗೆ ಸೌಟು ಹಾಕಿ ತಿರುವುತ್ತಿದ್ದರು.

"ಬಾಮ್ಮ, ಮಕ್ಕಳು ಅಕ್ಷರ ಬರೆದ ಅಕ್ಕಿ ಅಷ್ಟೂ ಪಾಯಸಕ್ಕೆ ಹಾಕ್ಬಿಟ್ಟೆ. ಬೆಲ್ಲ ಸಾಕಾ ನೋಡು."

ಆಗಲೇ ಫೋನು ಹೊಡೆದುಕೊಂಡಿತು. ಎಸ್ನಾರ್ಟ್.

"ನಿಮ್ಮ ಹಿರಿಯರಿಗೆ ನಮ್ಮ ಕ್ಷಮೆ ತಿಳಿಸಿ ಚಂದ್ರಿಕಾ. ಆ ಹುಡುಗಿ ಚಿಕ್ಕವಳು, ಗೊತ್ತಾಗಲಿಲ್ಲ. ಉಳಿದ ಅಕ್ಕಿಗೆ ಏನೂ ಆಗಿಲ್ಲ. ನೀವು ಹೇಳಿದ ಹಾಗೆ ಒಂದು ಕಾಳೂ ಬಿಡದೆ ಆರಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಕೆಲವು ಮಕ್ಕಳು ಬೀರು ನೋಡಿಕೊಂಡು ಅತ್ತವು. ಪವಿತ್ರವಾದದ್ದು, ಮುಟ್ಟಬಾರದು ಎಂದು ಬುದ್ಧಿ ಹೇಳಿ ಮನೆಗೆ ಕಳಿಸಿದೆ."

ಚಂದ್ರಿಕಾ ಪಾಯಸದ ಪಾತ್ರೆಯತ್ತ ನೋಡಿದಳು. ಅಯ್ಯೋ ದೇವರೇ! ಎತ್ತಿಡು ಎಂದಿದ್ದಳೇ ಹೊರತು ಆಮೇಲಿನದನ್ನು ಹೇಳಿರಲೇ ಇಲ್ಲ. ಆ ಅಕ್ಕಿಯಲ್ಲಿ ಅವತ್ತೇ ಪಾಯಸ ಮಾಡಿ ಎಲ್ಲರೂ ತಿನ್ನಬೇಕು. ಮೈಸೂರಿನ ಮನೆಯಲ್ಲಿ ಅವಳಿಗೂ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಮ್ಮ ಮಾಡುತ್ತಿದ್ದಳು, ಇವಳು ತಿನ್ನುತ್ತಿದ್ದಳು. ಹೇಳಬೇಕಾದ ಮಾತು ಅದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ಎಸ್ನಾರ್ಟ್, ಅದನ್ನ ಬೇಯಿಸಿ ತಿನ್ನಬೇಕು. ಎಲ್ಲ ಮಕ್ಕಳೂ. ಪದ್ಧತಿ ಮುಗಿಯೋದೇ ಹಾಗೆ. ಚಿಕೊಂಡಿ ತಪ್ಪೇನೂ ಮಾಡಿಲ್ಲ."

"ತಿನ್ನಬಹುದಿತ್ತೇ?" ಎಂದಳು ಎಸ್ನಾರ್ಟ್. "ಎಲ್ಲ ಹೊರಟುಹೋದವು. ದೂರದ ಮನೆಗಳು. ಇನ್ನು ಸೋಮವಾರವೇ ಬರುವುದು."

ಚಂದ್ರಿಕಾ ಫೋನ್ ಹಿಡಿದೇ ಹಾಲಿಗೆ ಓಡಿದಳು. ಎಲ್ಲರ ತಟ್ಟೆಯಲ್ಲೂ ಆಗಲೇ ಬಿಸಿಬೇಳೆಬಾತ್ ಹಬೆಯಾಡುತ್ತಿತ್ತು. ಉಮಾಶಂಕರರು ನೋಡುತ್ತಿದ್ದಂತೆಯೇ ಮೈಕ್ ಕಿತ್ತುಕೊಂಡು ಫೋನನ್ನು ಅದಕ್ಕೆ ಹಿಡಿದಳು.

"ಎಲ್ಲಾರೂ ಒಂದ್ ನಿಮಿಷ ಕೇಳಿ. ಶಾಲೆಯ ಹೆಡ್ ಮಿಸ್ ಲೈನಲ್ಲಿದಾರೆ. ಎಸ್ನಾರ್ಟ್, ಈಗ ನನಗೆ ಹೇಳಿದ್ದನ್ನೇ ಇಲ್ಲಿರೋರಿಗೆಲ್ಲ ಹೇಳು."

ಮಾತು, ನಗು, ಚಮಚದ ಸದ್ದು ಎಲ್ಲ ಎಸ್ನಾರ್ಟಳಿಗೆ ಕೇಳಿಸಿರಬೇಕು. ತುಂಬಿದ ಸಭೆ ಎಂದು ಅವಳಿಗೆ ತಿಳಿಯಿತು. ಗಂಟಲು ಸರಿಮಾಡಿಕೊಂಡು, ಒಂದಕ್ಷರವೂ ತಪ್ಪದೆ, ಕನ್ನಡದಲ್ಲಿ ಹೇಳಿದಳು.

"ಎಲ್ಲರಿಗೂ ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ."

ಹಾಲಿಗೆ ಹಾಲೇ ಖುಷಿಯಿಂದ ಕೂಗಿತು. ಉಮಾಶಂಕರರು ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಕೃಷ್ಣವೇಣಮ್ಮ ಪಾಯಸದ ಪಾತ್ರೆ ತಂದು ಮೇಜಿನ ಮೇಲಿಟ್ಟರು.

ಚಂದ್ರಿಕಾ ಮೈಕ್ ಬಿಡಲಿಲ್ಲ. ಚಪ್ಪಾಳೆ ನಿಲ್ಲುವ ತನಕ ಕಾದಳು.

"ಅವಳು ಹೇಳಿದ್ದು ಸುಳ್ಳು," ಎಂದಳು. "ಹೇಳಿಕೊಟ್ಟೋಳು ನಾನು."